ಸವದತ್ತಿ ಬಸ್ಸಿನ ಬುತ್ತಿ

ಬಸ್ಸು ನಿಲ್ಲುವ ಮೊದಲೇ ನಮ್ಮ ಕಣ್ಣು ಅದರ ಬಾನೆಟ್ಟಿನ ಮೇಲಿರುತ್ತಿತ್ತು. ಡ್ರೈವರನ ಎಡಗಡೆ, ಇಂಜಿನ್ನಿನ ಗೂನುಬೆನ್ನಿನ ಮೇಲೆ, ಹತ್ತು ಹದಿನೈದು ಕೈಚೀಲಗಳು ಒಂದಕ್ಕೊಂದು ಒರಗಿಕೊಂಡು ಕೂತಿರುತ್ತಿದ್ದವು. ಗೊಬ್ಬರದ ಚೀಲ ಕತ್ತರಿಸಿ ಹೊಲಿದದ್ದು, ಹಳೇ ಸೀರೆಯದು, ಕೌದಿಗೆ ಹಚ್ಚಿ ಉಳಿದ ಬಣ್ಣಬಣ್ಣದ ತುಂಡುಗಳದು. ನಾವು ಡ್ರೈವರನ ಕಿಟಕಿಯ ಕೆಳಗೆ ಕೈ ಚಾಚಿ ನಿಲ್ಲುತ್ತಿದ್ದೆವು. ಅವನು ಒಂದೊಂದೇ ಚೀಲ ಎತ್ತಿ ಊರಿನ ಹೆಸರು ಕೂಗುತ್ತಿದ್ದ. ಹಾರೋಬೆಳವಡಿ ಎಂದರೆ ಒಂದು ಕೈ ಮೇಲೇಳುತ್ತಿತ್ತು, ಇನಾಂಹೊಂಗಲ ಎಂದರೆ ಮೂರು. ನಮ್ಮೂರ ಹೆಸರಿಗೆ ಏಳುತ್ತಿದ್ದುದು ನನ್ನದೊಂದೇ ಕೈ.

ಇದು 1989ರ ಮಾತು. ಧಾರವಾಡದ ಆ ಜಾಗಕ್ಕೆ ಈಗ ಹಳೇ ಬಸ್‌ಸ್ಟ್ಯಾಂಡ್ ಎಂದು ಹೆಸರು. ನಮಗೆ ಅದು ಬರೀ ಸ್ಟ್ಯಾಂಡು. ನಮ್ಮೂರು ಸವದತ್ತಿ ರಸ್ತೆಯ ಮೇಲೆ, ಇನಾಂಹೊಂಗಲದ ಆಚೆ. ಎರಿಭೂಮಿ. ಮಳೆ ಬಿದ್ದರೆ ಚಪ್ಪಲಿ ಕಾಲಲ್ಲಿ ಇರುವುದಿಲ್ಲ, ಕೈಯಲ್ಲಿ ಇರುತ್ತದೆ. ಪಿಯುಸಿ ಸವದತ್ತಿಯಲ್ಲಿ ಮುಗಿಸಿ, ಬಿ.ಎ.ಗೆ ಕರ್ನಾಟಕ ಕಾಲೇಜು ಸೇರಿದ್ದೆ. ಖಾನಾವಳಿಯಲ್ಲಿ ಎರಡು ಹೊತ್ತು ಉಣ್ಣುವಷ್ಟು ರೊಕ್ಕ ಅಪ್ಪನ ಹತ್ತಿರ ಇರಲಿಲ್ಲ. ಮನೆಯಲ್ಲಿ ಜೋಳ ಇತ್ತು, ಒಲೆ ಇತ್ತು, ಮುಂಜಾನೆ ಎಂಟಕ್ಕೆ ಅಗಸಿಯ ಮುಂದೆ ಒಂದು ನಿಮಿಷ ನಿಲ್ಲುವ ಬಸ್ಸಿತ್ತು. ನಮ್ಮ ಕಡೆ ಎಷ್ಟೋ ಹುಡುಗರು ಹೀಗೇ ಕಲಿತವರು. ಊರಲ್ಲಿ ಒಬ್ಬರು ಬುತ್ತಿ ಹತ್ತಿಸುತ್ತಾರೆ, ಪ್ಯಾಟಿಯಲ್ಲಿ ಒಬ್ಬರು ಇಳಿಸಿಕೊಳ್ಳುತ್ತಾರೆ, ನಡುವಿನ ದಾರಿಗೆ ಡ್ರೈವರನೇ ತಾಯಿ. ಆಗಿನ್ನೂ ವಾಯವ್ಯ ಸಾರಿಗೆ ಸಂಸ್ಥೆ ಹುಟ್ಟಿರಲಿಲ್ಲ, ಅದು 1997ರದು. ನಮ್ಮದು ಕೆ.ಎಸ್.ಆರ್.ಟಿ.ಸಿ.ಯ ಕೆಂಪು ಬಸ್ಸು.

ಬುತ್ತಿಗೆ ಟಿಕೆಟ್ ಕೊಡು ಎಂದು ಮೂರು ವರ್ಷದಲ್ಲಿ ಯಾವ ಕಂಡಕ್ಟರನೂ ನನ್ನನ್ನು ಕೇಳಲಿಲ್ಲ. ಪಂಚಮಿಗೆ ನಾಲ್ಕು ಶೇಂಗಾದುಂಡಿ, ಜೋಳ ಹಾಲುಗಾಳಾದಾಗ ಒಂದು ಬೊಗಸೆ ಸೀತನಿ, ಅಷ್ಟೇ ಅವರ ಬಾಡಿಗೆ. ನಮ್ಮ ಮನೆಯಲ್ಲಿ ಡಬ್ಬಿ ಎರಡಿದ್ದವು, ಎರಡೂ ಜರ್ಮನ್ನಿನವು. ಒಂದು ಧಾರವಾಡದಲ್ಲಿದ್ದರೆ ಇನ್ನೊಂದು ಊರಲ್ಲಿ. ಮುಂಜಾನೆ ತುಂಬಿದ್ದು ಬರಬೇಕು, ಸಂಜೆ ಐದರ ಬಸ್ಸಿಗೆ ಖಾಲಿಯದು ಹೋಗಬೇಕು. ಮೊದಲ ದಿನ ಖಾಲಿ ಡಬ್ಬಿ ಕೊಟ್ಟು, ಊರ ಹೆಸರು ಹೇಳದೆ ಹೊರಟಿದ್ದೆ. ಕಂಡಕ್ಟರ್ ಹಿಂದಿನಿಂದ ಕೂಗಿದ:

“ಏ ತಮ್ಮಾ, ಡಬ್ಬಿಗೇನ ಬಾಯಿ ಐತೇನೋ? ಎಲ್ಲಿ ಇಳಸ್ಲಿ ಇದನ್ನ?”

ಅಂದಿನಿಂದ ದಿನಾ ಸಂಜೆ ಕಿಟಕಿಗೆ ಮುಖ ಇಟ್ಟು “ನಮ್ಮೂರಾಗ ಇಳಸ್ರೀ” ಎಂದು ಹೇಳುವುದು ರೂಢಿಯಾಯಿತು. ಡಬ್ಬಿಯ ಮುಚ್ಚಳದ ಮೇಲೆ ಎತ್ತಿನ ಕೋಡಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಊರಿನ ಹೆಸರು ಬರೆದೆ. ಆದರೂ ಒಮ್ಮೆ ಅದಲುಬದಲಾಯಿತು. ರೂಮಿಗೆ ಬಂದು ಬಿಚ್ಚಿದರೆ ತತ್ತಿ ಸಾರು. ನಮ್ಮ ಮನೆಯಲ್ಲಿ ತತ್ತಿಯ ಹೆಸರೂ ಎತ್ತುವಂತಿರಲಿಲ್ಲ. ಮರುದಿನ ಸ್ಟ್ಯಾಂಡಿನಲ್ಲಿ ಆ ಡಬ್ಬಿಯ ಹುಡುಗ ಸಿಕ್ಕು, “ನಿಮ್ಮವ್ವನ ಪುಂಡಿಪಲ್ಯೆ ಭಾರೀ ಇತ್ತಲೇ” ಎಂದ. “ನಿಮ್ಮವ್ವನ ಸಾರೂ” ಎಂದೆ, ಸುತ್ತ ನಮ್ಮೂರವರು ಯಾರೂ ಇಲ್ಲ ಎಂದು ನೋಡಿಕೊಂಡು.

*

ರೂಮು ಸಪ್ತಾಪುರದಲ್ಲಿ. ಮಂಗಳೂರು ಹಂಚಿನ ಮನೆಯ ಹಿತ್ತಲಲ್ಲಿ ಒಂದೇ ಒಂದು ಖೋಲಿ, ನಾಲ್ಕು ಜನ. ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ರೋಣದಿಂದ ಬಂದವನು ರೋಣ, ಬ್ಯಾಡಗಿಯವನು ಬ್ಯಾಡಗಿ, ಘಟ್ಟದ ಅಂಚಿನಿಂದ ಬಂದವನು ಶಿರಸಿ. ನನ್ನೂರಿನ ಹೆಸರು ಯಾರ ಬಾಯಿಗೂ ಹತ್ತದೆ ನಾನು ಸವದತ್ತಿಯಾದೆ. ಹಾಜರಿ ಕರೆಯುವಾಗ ರೋಣನ ನಿಜವಾದ ಹೆಸರು ಕೇಳಿ, ಇದು ಯಾರಪ್ಪಾ ಎಂದು ನಾನು ಹಿಂದೆ ತಿರುಗಿ ನೋಡಿದ್ದುಂಟು.

ನಮ್ಮ ಕಾಲೇಜು ಶುರುವಾದದ್ದು 1917ರಲ್ಲಿ. ಕಟ್ಟಡ ಅದಕ್ಕೂ ಹಿಂದಿನದು, ಸದರ್ನ್ ಮರಾಠಾ ರೇಲ್ವೆಯವರ ಕಚೇರಿಯಾಗಿದ್ದದ್ದು. ಕಲ್ಲಿನ ಗೋಡೆ, ಎತ್ತರದ ಮಾಳಿಗೆ, ಉದ್ದನೆಯ ಪಡಸಾಲೆ. ಜೂನ್ ತಿಂಗಳಲ್ಲಿ ಅಲ್ಲಿ ನಿಂತರೆ ಮಳೆಯ ಸದ್ದು ಬಿಟ್ಟು ಮೇಷ್ಟರ ಪಾಠ ಕೇಳುತ್ತಿರಲಿಲ್ಲ. ಒಂದು ವಿಷಯದಲ್ಲಿ ಹಿಂದೆ ಬಿದ್ದ ಬ್ಯಾಡಗಿ ಅದಕ್ಕೂ ಕಟ್ಟಡವನ್ನೇ ಹೊಣೆ ಮಾಡಿದ: “ರೇಲ್ವೆ ಆಫೀಸಿನ್ಯಾಗ ಕಲತರ ಡಿಗ್ರಿ ಲೇಟಾಗೇ ಬರತೈತಲೇ.”

ಮಧ್ಯಾಹ್ನದ ಊಟ ನಮ್ಮ ದೊಡ್ಡ ಹೊತ್ತು. ರೋಣ ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಖಡಕ್ ರೊಟ್ಟಿಯ ಒಂದು ಅಟ್ಟಿಯನ್ನೇ ಹೊತ್ತು ತರುತ್ತಿದ್ದ. ಬ್ಯಾಡಗಿಯ ಪಾಲಿನದು ಖಾರಪುಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಅವರೂರಿನ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. “ಬಣ್ಣಾ ನೋಡಿ ಹೆದರಬ್ಯಾಡ್ರಲೇ” ಎಂದು ಅವನು ಧೈರ್ಯ ತುಂಬಿದರೂ ಶಿರಸಿ ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ. ಶಿರಸಿಗೆ ಅನ್ನ ಬೇಕು. ಚಿಮಣಿ ಎಣ್ಣೆಯ ಸ್ಟವ್ ಹೊತ್ತಿಸಿ, ಅದು ಭುಸುಗುಡುವಾಗ ಮಂತ್ರ ಹೇಳುವವನ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದ. ಅವನ ಟ್ರಂಕಿನಲ್ಲಿ ಅಪ್ಪೆಮಿಡಿಯ ಭರಣಿ ಇತ್ತು, ಹಬ್ಬದ ಮರುದಿನ ತೊಡದೇವು ಇರುತ್ತಿತ್ತು. ಅಷ್ಟು ತೆಳ್ಳಗಿನದನ್ನು ಮೊದಲ ಸಲ ಕೈಗೆ ತೆಗೆದುಕೊಂಡ ರೋಣ, “ಇದನ್ನ ತಿನ್ನೂದೋ, ಇದರಾಗ ಬರಿಯೂದೋ?” ಎಂದಿದ್ದ.

ಇವೆಲ್ಲ ಒಣಗಿದ್ದು, ಕಾಪಿಟ್ಟದ್ದು. ಅಂದಂದಿನ ಒಲೆಯ ಮೇಲಿಂದ ಇಳಿದು ಬರುತ್ತಿದ್ದುದು ನನ್ನ ಬುತ್ತಿ ಒಂದೇ. ಬಾನೆಟ್ಟಿನ ಕಾವಿಗೆ ಪಲ್ಯೆ ಇನ್ನೂ ಬೆಚ್ಚಗಿರುತ್ತಿತ್ತು, ಮೊಸರು ಮಾತ್ರ ಹುಳಿ ಬಂದಿರುತ್ತಿತ್ತು. ವಸ್ತ್ರ ಬಿಚ್ಚಿದೊಡನೆ ರೊಟ್ಟಿಯ ಬಿಸಿ ಉಸಿರು ಮುಖಕ್ಕೆ ಹೊಡೆಯುತ್ತಿತ್ತು. ಮೂವರೂ ತಮ್ಮ ತಟ್ಟೆ ಹಿಡಿದು ಆ ಗಳಿಗೆಗೆ ಸರಿಯಾಗಿ ಎದುರಿಗೆ ಕೂತಿರುತ್ತಿದ್ದರು.

ಮೊದಲು ಬರುತ್ತಿದ್ದುದು ನಾಲ್ಕು ರೊಟ್ಟಿ. ಡಬ್ಬಿಯಲ್ಲಿ ಒಂದು ಚೀಟಿಯೂ ಇರುತ್ತಿತ್ತು. ಅವ್ವನಿಗೆ ಬರೆಯಲು ಬಾರದು. ಅವಳು ಹೇಳಿದ್ದನ್ನು ಏಳನೇ ಇಯತ್ತೆಯಲ್ಲಿದ್ದ ತಂಗಿ ಬರೆಯುತ್ತಿದ್ದಳು, ನಡುವೆ ತನ್ನದೂ ಒಂದೆರಡು ಮಾತು ಸೇರಿಸುತ್ತಿದ್ದಳು. “ಅಣ್ಣಾ, ರೊಟ್ಟಿ ಸಾಲತಾವೋ ಇಲ್ಲೋ ಬರಿ. ಎಮ್ಮಿ ಈದೈತಿ, ಹೆಣ್ಣುಗರು. ನಾಳೆ ಗಿಣ್ಣ ಕಳಸ್ತೀವಿ. ಡಬ್ಬಿ ತೊಳದು ಕಳಸು ಅಂತ ಅವ್ವ ಬೈಯಾಕತ್ಯಾಳ.” ಅದೇ ಚೀಟಿಯ ಬೆನ್ನಿಗೆ ನಾನು ಬರೆದೆ: “ಇನ್ನೆರಡು ಹೆಚ್ಚಿಗಿ ಕಳಸರಿ.” ಆರು ಬಂದವು. ಮತ್ತೆ ಬರೆದೆ, ಎಂಟು ಬಂದವು. ದೀಪಾವಳಿಯ ಹೊತ್ತಿಗೆ ಲೆಕ್ಕ ಹನ್ನೆರಡಕ್ಕೆ ಮುಟ್ಟಿತ್ತು. ಯಾಕೆ ಇಷ್ಟು ಎಂದು ಮನೆಯಿಂದ ಯಾರೂ ಕೇಳಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ನನ್ನ ತೋಳು ಹಿಡಿದು ನೋಡಿದ. “ಹನ್ನೆರಡು ರೊಟ್ಟಿ ತಿಂದೂ ಬಡಕಲ ಆಗೀಯಲ್ಲೋ, ಧಾರವಾಡದ ನೀರಿಗೆ ಏನಾರ ಆಗೇತೇನು?” ಅವ್ವ ಮಾತ್ರ ಒಲೆಯ ಕಡೆ ತಿರುಗಿ ನಕ್ಕಳು. “ಹುಡುಗ್ರೆಷ್ಟ ಮಂದಿ ಅದಾರು?” ಎಂದಷ್ಟೇ ಕೇಳಿದಳು. ನಾಲ್ಕು ಎಂದೆ. ಮರುದಿನ ಹೊರಡುವಾಗ ಕರ್ಚಿಕಾಯಿಯ ನಾಲ್ಕು ಗಂಟು ಕಟ್ಟಿ ಇಟ್ಟಿದ್ದಳು.

*

ಮನೆ ಮಾಲೀಕಳನ್ನು ನಾವು ಕಾಕು ಎನ್ನುತ್ತಿದ್ದೆವು. ನಮ್ಮ ಗದ್ದಲಕ್ಕೆ ದಿನಾ ಬೈಯುವವಳು, ಭಾನುವಾರ ಮಾತ್ರ ತಾನೇ ಹಿತ್ತಲ ಬಾಗಿಲಿಗೆ ಬಂದು ಕರೆಯುತ್ತಿದ್ದಳು: “ಬರ್ರೋ, ಟಿ.ವಿ. ಚಾಲೂ ಅದ. ಕಾಲು ತೊಳಕೊಂಡು ಬರ್ರಿ.” ಮಹಾಭಾರತ ಮುಗಿಯುವವರೆಗೆ, ಅಂದರೆ 1990ರ ಜೂನ್‌ವರೆಗೆ, ಆ ಪಡಸಾಲೆಯಲ್ಲಿ ನಮಗೆ ಕಾಯಂ ಜಾಗ. ಹಿಂದಿ ಅಷ್ಟಾಗಿ ಬಾರದ ರೋಣನಿಗೆ ಕಾಕು ನಡುನಡುವೆ ಅರ್ಥ ಹೇಳುತ್ತಿದ್ದಳು. ಅವಳ ಅರ್ಥದಲ್ಲಿ ಭೀಷ್ಮರೂ ಧಾರವಾಡದ ಮಾತೇ ಆಡುತ್ತಿದ್ದರು.

ಕಿಸೆಯಲ್ಲಿ ರೊಕ್ಕ ಇಲ್ಲದವರಿಗೆ ಹೇಳಿ ಮಾಡಿಸಿದ ಊರು ಧಾರವಾಡ. ಸಂಜೆ ಡಬ್ಬಿ ಹತ್ತಿಸಿದ ಮೇಲೆ ನಾವು ನಾಲ್ವರೂ ಸುಭಾಸ ರಸ್ತೆಯ ಗುಂಟ ನಡೆಯುತ್ತಿದ್ದೆವು. ಅಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಸಂಸ್ಥೆ, ಪುಸ್ತಕದಲ್ಲಿ ಓದಿದ ದೊಡ್ಡವರೆಲ್ಲ ಹತ್ತಿ ಇಳಿದ ಮೆಟ್ಟಿಲು. ಒಂದು ವರ್ಷ ಕೆಳಗೆ ನಿಂತು ಮೇಲೆ ನೋಡಿದೆವು. ಹತ್ತುವ ಧೈರ್ಯ ಬಂದದ್ದು ಎರಡನೇ ವರ್ಷ. ಹತ್ತಿದ ಮೇಲೆ ಏನು ಮಾತಾಡಬೇಕೆಂದು ತಿಳಿಯದೆ, ನಾಲ್ವರೂ ಸೇರಿ ಒಂದು ನಾಟಕದ ಪುಸ್ತಕ ಕೊಂಡು ಇಳಿದೆವು. ಅದು ಯಾರದ್ದೆಂಬ ಜಗಳ ಇನ್ನೂ ಮುಗಿದಿಲ್ಲ. ಪುಸ್ತಕ ಮಾತ್ರ ಶಿರಸಿಯ ಹತ್ತಿರ ಇದೆ.

ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇಬ್ಬರೂ ಬದುಕಿದ್ದ ಕಾಲ ಅದು. ರಾಜಗುರು ಹೋದದ್ದು 1991ರಲ್ಲಿ, ಮನ್ಸೂರರು ಅದರ ಮರುವರ್ಷ. ಇಂಥವರಿದ್ದ ಊರಲ್ಲಿ ಮೂರು ವರ್ಷ ಇದ್ದು ನಾವು ಕಲಿತ ಸಂಗೀತ ಎಷ್ಟೆಂದರೆ, ಒಂದು ಬೈಠಕ್ಕಿನಲ್ಲಿ ವಿಲಂಬಿತ ಶುರುವಾದೊಡನೆ ಬ್ಯಾಡಗಿ ನಿದ್ದೆ ಹೋದ. ದ್ರುತಕ್ಕೆ ಬಂದಾಗ ಎಬ್ಬಿಸಿದರೆ, “ಮುಗೀತೇನು?” ಎಂದು ಕೈಚಪ್ಪಾಳೆ ತಟ್ಟಿದ. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ನೋಡಿದ ನೋಟಕ್ಕೆ ನಾವು ಎದ್ದು ಹೊರಗೆ ಬಂದು, ಗಿರಮಿಟ್ಟಿನ ಗಾಡಿಯ ಹತ್ತಿರ ನಿಂತು ಉಳಿದ ಸಂಗೀತ ಕೇಳಿದೆವು. ಮಿರ್ಚಿ ಕರಿಯುವ ಸದ್ದಿನ ಹಿಂದೆ ಆ ದನಿ ಎಷ್ಟು ದೂರದಿಂದ, ಎಷ್ಟು ಹತ್ತಿರ ಬರುತ್ತಿತ್ತು ಎಂಬುದು ನನಗೆ ಇಂದಿಗೂ ನೆನಪಿದೆ.

ಲೈನ್ ಬಜಾರಿನಲ್ಲಿ ಠಾಕೂರರ ಪೇಢೆಯ ಅಂಗಡಿ. ಸರದಿಯಲ್ಲಿ ನಿಲ್ಲಬೇಕು, ಅಂದಿನದು ಮುಗಿದರೆ ಬರಿಗೈಯಲ್ಲಿ ತಿರುಗಬೇಕು. ಆ ಸರದಿಯಿಂದಲೇ ಬೀದಿಗೆ ಲೈನ್ ಬಜಾರ್ ಎಂಬ ಹೆಸರು ಬಂದಿದೆ ಎಂದು ರೋಣ ಎರಡು ವರ್ಷ ನಂಬಿದ್ದ. ನಾವೂ ತಿದ್ದಲಿಲ್ಲ. ಪರೀಕ್ಷೆ ಹತ್ತಿರ ಬಂದರೆ ಶನಿವಾರ ನುಗ್ಗೀಕೇರಿ ಹನುಮಪ್ಪನ ಕಡೆ ನಡಿಗೆ. ಹೋಗುವಾಗ ನೋಟ್ಸಿನ ಮಾತು, ಬರುವಾಗ ಊಟದ್ದು. 1990ರ ಸೆಪ್ಟೆಂಬರ್ 30, ಒಂದು ಭಾನುವಾರ. ಶಂಕರನಾಗ್ ಹೋದ ಸುದ್ದಿ ಬಂತು, ದಾವಣಗೆರೆ ಹತ್ತಿರ ಅಪಘಾತವಂತೆ. ಸಪ್ತಾಪುರದ ಚಾ ಅಂಗಡಿಯ ಮುಂದೆ ನಿಂತವರು ಯಾರೂ ಚಾ ಕುಡಿಯಲಿಲ್ಲ. ಆಟೋದ ಹಿಂದೆ ಅವರ ಚಿತ್ರ ಅಂಟಿಸಿಕೊಂಡಿದ್ದವನೊಬ್ಬ ಗಾಡಿ ಬದಿಗೆ ನಿಲ್ಲಿಸಿ, ಮೀಟರಿನ ಮೇಲೆ ತಲೆ ಇಟ್ಟುಕೊಂಡು ಕೂತಿದ್ದ.

*

ಬುತ್ತಿ ಓದುವುದರಲ್ಲಿ ನಾನು ಪಂಡಿತ ಎಂದು ರೂಮಿನಲ್ಲಿ ಹೆಸರಾಗಿತ್ತು. ಡಬ್ಬಿ ಬಿಚ್ಚಿ, ಊಟಕ್ಕೆ ಮೊದಲು ಮನೆಯ ಸಮಾಚಾರ ಓದಿ ಹೇಳುತ್ತಿದ್ದೆ. ಪಲ್ಯೆ ಇಲ್ಲದೆ ಬರೀ ಹಿಂಡಿ ಬಂದರೆ ಸಂತೆಗೆ ಯಾರೂ ಹೋಗಿಲ್ಲ. ಝುಣಕ ಬಂದರೆ ಮನೆಗೆ ಯಾರೋ ಬೀಗರು ಬಂದಿದ್ದಾರೆ. ಎಣ್ಣೆಗಾಯಿಯಲ್ಲಿ ಎಣ್ಣೆ ತೇಲುತ್ತಿದ್ದರೆ ಹತ್ತಿ ಮಾರಿದ ರೊಕ್ಕ ಕೈಗೆ ಬಂದಿದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಂದರೆ ಭೋಗಿ. ಮೂವರೂ ತಲೆದೂಗುತ್ತಿದ್ದರು. ಮೊದಲ ವರ್ಷದ ಮಾರ್ಚ್‌ನಲ್ಲಿ ಒಂದಿಷ್ಟು ದಿನ ರೊಟ್ಟಿ ದಪ್ಪಗೆ, ಅಂಚು ಒಡೆದು, ನಡುವೆ ಹಸಿ ಉಳಿದು ಬಂದವು. “ಅವ್ವ ಹೊಲಕ್ಕ ಹೋಗ್ಯಾಳ, ತಂಗಿ ಬಡದಾಳ” ಎಂದೆ. ಜೂನ್ ಹೊತ್ತಿಗೆ ಆ ರೊಟ್ಟಿ ತೆಳ್ಳಗಾಗಿ, ದುಂಡಗಾಗಿ, ಅವ್ವನ ರೊಟ್ಟಿಗೂ ಅವಕ್ಕೂ ವ್ಯತ್ಯಾಸವೇ ಕಾಣದಾಯಿತು. “ತಂಗಿ ಕಲತಳಲೇ!” ಎಂದು ರೋಣ ಮೆಚ್ಚಿದ. ನಾನೂ ಹೆಮ್ಮೆಪಟ್ಟೆ.

ಆ ಜುಲೈನಲ್ಲಿ ಮಳೆ ಹಿಡಿದುಕೊಂಡಿತು. ಒಂದು ಮುಂಜಾನೆ ಸ್ಟ್ಯಾಂಡಿನಲ್ಲಿ ಕಾದು ಕಾದು, ಹನ್ನೊಂದಾದರೂ ಸವದತ್ತಿ ಬಸ್ಸಿಲ್ಲ. ತುಪ್ಪರಿಹಳ್ಳ ಬಂದಿದೆ, ಹಾರೋಬೆಳವಡಿಯ ಹತ್ತಿರ ಸೇತುವೆಯ ಮೇಲೆ ನೀರು ಹರಿಯುತ್ತಿದೆ ಎಂದರು. ಆ ಹಳ್ಳ ಬೇಸಿಗೆಯಲ್ಲಿ ದಾಟಿದ್ದೂ ಗೊತ್ತಾಗುವುದಿಲ್ಲ, ಮಳೆಗಾಲದಲ್ಲಿ ಸಿಟ್ಟು ಬಂದರೆ ರಸ್ತೆಯನ್ನೇ ಕಡಿದು ಹಾಕುತ್ತದೆ. ಮೊನ್ನೆ 2019ರಲ್ಲೂ ಕಡಿದು ಹಾಕಿತು. ಬುತ್ತಿಗೆ ಕಾದು ನಿಂತಿದ್ದ ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚದುರಿದರು. ಬರಿಗೈಯಲ್ಲಿ ರೂಮಿಗೆ ಬಂದಾಗ ಯಾರೂ ಏನೂ ಕೇಳಲಿಲ್ಲ. ಶಿರಸಿ ಸ್ಟವ್ ಹೊತ್ತಿಸಿ, ಎಂದಿನ ಒಂದು ಪಾವಿನ ಬದಲು ಡಬ್ಬದಲ್ಲಿದ್ದ ಅಷ್ಟೂ ಅಕ್ಕಿ ಹಾಕಿದ. ರೋಣ ಖಡಕ್ ರೊಟ್ಟಿಯ ಕೊನೆಯ ನಾಲ್ಕನ್ನು ತೆಗೆದ. ಬ್ಯಾಡಗಿಯ ಹಿಂಡಿಗೆ ಕಾಕು ಕೊಟ್ಟ ಮೊಸರು ಬಿತ್ತು. ಎರಡು ದಿನ ಹಾಗೇ ನಡೆಯಿತು. ಮೂರನೇ ದಿನ ಬಂದ ಡಬ್ಬಿಯಲ್ಲಿ ಹದಿನಾರು ರೊಟ್ಟಿ. ಚೀಟಿಯಲ್ಲಿ ಒಂದೇ ಸಾಲು: “ಎರಡು ದಿನ ಎಲ್ಲಾರೂ ಏನ ತಿಂದ್ರಿ ಅಣ್ಣಾ?”

*

ಪಂಚಮಿಗೆ ಊರಿಗೆ ಹೋದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಓಣಿಯ ಹುಡುಗಿಯರೆಲ್ಲ ಜೀಕುತ್ತಿದ್ದರು. ತಂಗಿ ಅಲ್ಲಿರಲಿಲ್ಲ. ಒಲೆಯ ಮುಂದೆ ಕೂತು ಅಳ್ಳು ಹುರಿಯುತ್ತಿದ್ದಳು. “ಸಾಲಿ ಯಾವಾಗ ಸುರು ಆತು? ಎಂಟನೇತ್ತೆ ಹೆಂಗೈತಿ?” ಎಂದು ಕೇಳಿದೆ. ಅವಳು ಅಳ್ಳಿನ ಕಡೆಯೇ ನೋಡುತ್ತ, “ನಾ ಹೋಗಾಕತ್ತಿಲ್ಲಣ್ಣಾ” ಎಂದಳು.

ಊರಲ್ಲಿದ್ದುದು ಏಳನೇತ್ತೆಯವರೆಗೆ ಮಾತ್ರ. ಹೈಸ್ಕೂಲಿಗೆ ಪಕ್ಕದೂರಿಗೆ ನಡೆಯಬೇಕು, ಆ ವರ್ಷ ಜೊತೆಗೆ ಹೋಗುವ ಇನ್ನೊಂದು ಹುಡುಗಿ ಇರಲಿಲ್ಲ. ಮಾರ್ಚ್‌ನಿಂದ ಅವ್ವನ ಬಲಗೈ ಹಿಡಿದುಕೊಂಡಿತ್ತು, ಹಿಟ್ಟು ನಾದಲು ಆಗುತ್ತಿರಲಿಲ್ಲ. ಅವ್ವ ಇಷ್ಟೇ ಹೇಳಿದಳು: “ಒಬ್ಬಾಕಿನ್ನ ಹೆಂಗ ಕಳಸೂದೋ? ಎಂಟರ ಬಸ್ಸಿಗೆ ಬುತ್ತಿ ಆಗಬೇಕು.” ಅಪ್ಪ ಎದ್ದು ಎತ್ತಿಗೆ ಮೇವು ಹಾಕಲು ಹೋದ.

ರಾತ್ರಿ ಚೀಲದಿಂದ ಚೀಟಿಗಳನ್ನು ತೆಗೆದೆ. ಒಂದನ್ನೂ ಎಸೆದಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಮೊದಲ ವರ್ಷದವು ಸಾಲಿಯ ವಹಿಯ ಗೆರೆ ಹಾಳಿಗಳು, ನೀಲಿ ಶಾಯಿ. ಏಪ್ರಿಲ್ ಆದ ಮೇಲಿನವು ಕ್ಯಾಲೆಂಡರಿನ ಹರಿದ ಹಾಳಿಯ ಬೆನ್ನು, ಅಡತಿ ಅಂಗಡಿಯವರು ಹತ್ತಿಗೆ ಕೊಟ್ಟ ಪಟ್ಟಿಯ ಬೆನ್ನು. ಬರಹ ಪೆನ್ಸಿಲ್ಲಿನದು, ಅದೂ ಮೊಂಡಾದದ್ದು. ವಹಿ ಇಲ್ಲ, ಶಾಯಿ ಇಲ್ಲ. ದಿನಾ ನಾನೇ ಬಿಚ್ಚಿ, ನಾನೇ ಓದಿದ್ದೆ. ಎಣ್ಣೆ ತೇಲಿದ್ದರಿಂದ ಹತ್ತಿಯ ಧಾರಣಿ ಹೇಳುತ್ತಿದ್ದ ಪಂಡಿತನಿಗೆ ಕೈಯಲ್ಲಿದ್ದ ಕಾಗದ ಕಂಡಿರಲಿಲ್ಲ. ನಾಲ್ಕು ಇದ್ದ ರೊಟ್ಟಿಯನ್ನು ಹನ್ನೆರಡು ಮಾಡಿದವನೂ ನಾನೇ.

ಸಿನಿಮಾದಲ್ಲಾದರೆ ನಾನು ಅಂದೇ ಅಪ್ಪನ ಹತ್ತಿರ ಜಗಳ ತೆಗೆದು ಅವಳನ್ನು ಹೈಸ್ಕೂಲಿಗೆ ಸೇರಿಸಬೇಕಿತ್ತು. ನಾನು ಜಗಳ ಮಾಡಲಿಲ್ಲ. ಬುತ್ತಿ ಬೇಡ ಎಂದೂ ಅನ್ನಲಿಲ್ಲ. ಅವಳು ಕಟ್ಟಿಕೊಟ್ಟ ಉಂಡಿ ತೆಗೆದುಕೊಂಡು ಧಾರವಾಡಕ್ಕೆ ಬಂದೆ. ಹತ್ತೊಂಬತ್ತರ ಹುಡುಗನಿಗೆ ಅಷ್ಟೇ ತಿಳಿದದ್ದು ಎಂದು ಈಗ ಹೇಳಿಕೊಳ್ಳಬಹುದು. ಆದರೆ ಅದೇ ವಯಸ್ಸಿಗೆ ಅಟ್ಟ ಹತ್ತಿ ನಾಟಕದ ಪುಸ್ತಕ ಕೊಳ್ಳುವಷ್ಟು ತಿಳಿದಿತ್ತು.

ರೂಮಿನಲ್ಲಿ ಹೇಳಿದೆ. ಯಾರೂ ಸಮಾಧಾನ ಹೇಳಲಿಲ್ಲ. ಮರುದಿನ ಊಟಕ್ಕೆ ಕೂತಾಗ ರೋಣ ಮೊದಲ ತುತ್ತು ಮುರಿದು, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ಅಂದು ಸಂಜೆ ಶಿರಸಿ ನನ್ನನ್ನು ರದ್ದಿ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿ ಹಳೇ ‘ಕಸ್ತೂರಿ’ಗಳು ಅಟ್ಟಿ ಬಿದ್ದಿದ್ದವು. ಹುಬ್ಬಳ್ಳಿಯಿಂದ ಬರುತ್ತಿದ್ದ ಆ ಮಾಸಪತ್ರಿಕೆ ಡಬ್ಬಿಯ ಚೀಲದಲ್ಲಿ ಮಡಚದೆ ಹಿಡಿಸುವ ಅಳತೆಯದು. ತೂಕದ ಲೆಕ್ಕದಲ್ಲಿ ಐದು ಕೊಂಡೆವು. ಮೊದಲನೆಯದನ್ನು ಖಾಲಿ ಡಬ್ಬಿಯ ಕೆಳಗೆ ಇಟ್ಟು ಕಳಿಸಿದೆ. ಖಾಲಿ ಡಬ್ಬಿ ಯಾರ ಮನೆಗೂ ಹೋಗಬಾರದು ಎಂದು ಅವ್ವನೇ ಕಲಿಸಿದ್ದಲ್ಲವೆ?

ನಾಲ್ಕು ದಿನಕ್ಕೆ ತಿರುಗಿ ಬಂತು. ಚೀಟಿಯಲ್ಲಿ, “ಇದು ಮುಗೀತು. ಕಡೀಕಿನ ಪುಸ್ತಕ ಚಲೋ ಐತಿ. ಮುಂದಿಂದು ಕಳಸು.” ಆ ಪತ್ರಿಕೆಯ ಕೊನೆಗೆ ಒಂದೊಂದು ಇಡೀ ಪುಸ್ತಕವನ್ನು ಸಂಗ್ರಹಿಸಿ ಕೊಡುತ್ತಿದ್ದರು, ಅವಳು ಹೇಳಿದ್ದು ಅದನ್ನು. ಎರಡು ವರ್ಷ ಆ ಬಸ್ಸಿನಲ್ಲಿ ಮುಂಜಾನೆ ರೊಟ್ಟಿ ಬಂದವು, ಸಂಜೆ ಓದು ಹೋಯಿತು. ಬ್ಯಾಡಗಿ ‘ಸುಧಾ’ ತಂದುಕೊಟ್ಟ, ಕಾಕು ತನ್ನ ‘ತರಂಗ’ಗಳನ್ನು ಕೊಟ್ಟಳು. ತಿರುಗಿ ಬಂದ ಪುಟಗಳ ಅಂಚಿಗೆ ಹಿಟ್ಟಿನ ಬೆರಳ ಗುರುತು ಇರುತ್ತಿತ್ತು. ಯಾವ ಪುಟದಲ್ಲಿ ಹಿಟ್ಟು ಜಾಸ್ತಿಯೋ ಆ ಪುಟದಲ್ಲಿ ಕತೆ ಬಿಗಿಯಾಗಿದೆ ಎಂದು ರೋಣ ಹೇಳುತ್ತಿದ್ದ. ರೊಟ್ಟಿ ಬಡಿಯುತ್ತಲೇ ಓದಿದ್ದಾಳೆ, ಕೈ ತೊಳೆಯುವಷ್ಟು ತಡೆಯಲಾಗಿಲ್ಲ ಎಂದು ಅವನ ಲೆಕ್ಕ. ಇದರಿಂದ ಅವಳಿಗೆ ಯಾವ ಸರ್ಟಿಫಿಕೇಟೂ ಬರಲಿಲ್ಲ. ಆದರೆ ಚೀಟಿಗಳು ಉದ್ದವಾದವು, ಅವುಗಳಲ್ಲಿ ಅವ್ವನ ಮಾತು ಕಡಿಮೆಯಾಗಿ ಅವಳದು ಹೆಚ್ಚಾಯಿತು.

1992ರ ಏಪ್ರಿಲ್‌ನಲ್ಲಿ ಕೊನೆಯ ಪೇಪರ್ ಮುಗಿಯಿತು. ಅಂದಿನ ಬುತ್ತಿಯಲ್ಲಿ ನಾಲ್ವರಿಗೂ ಶೇಂಗಾ ಹೋಳಿಗೆ. ಕಾಕು ತುಪ್ಪ ಕೊಟ್ಟಳು. ಗಡಿಬಿಡಿಯಲ್ಲಿ ಟ್ರಂಕು ಕಟ್ಟುವಾಗ ಶಿರಸಿಯ ಸ್ಟವ್ ರೋಣನ ಪಾಲಿಗೆ, ರೋಣನ ಚಾಪೆ ನನ್ನ ಪಾಲಿಗೆ ಬಂತು. ಡಬ್ಬಿಯನ್ನು ಅಂದು ಕಂಡಕ್ಟರನ ಕೈಗೆ ಕೊಡಲಿಲ್ಲ, ಅದರ ಜೊತೆ ನಾನೇ ಹತ್ತಿದೆ. ಬಾನೆಟ್ಟಿನ ಮೇಲೆ ಇಟ್ಟು, ಪಕ್ಕದ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಅದು ಅಲುಗಾಡುವುದನ್ನು ನೋಡಿದೆ.

*

ನೌಕರಿ, ಮನೆ ಎಂದು ಸುತ್ತಿ ನಾನು ಮತ್ತೆ ಧಾರವಾಡಕ್ಕೇ ಬಂದು ನೆಲೆನಿಂತೆ. ನಮ್ಮ ಹಂಚಿನ ಖೋಲಿ ಇದ್ದ ಜಾಗದಲ್ಲಿ ಈಗ ನಾಲ್ಕು ಮಾಳಿಗೆಯ ಪಿ.ಜಿ. ಸಪ್ತಾಪುರವೆಂದರೆ ಈಗ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್, ಜೆರಾಕ್ಸ್, ಮೆಸ್. ರೋಣ, ಬ್ಯಾಡಗಿ ಇಬ್ಬರೂ ಮೇಷ್ಟರಾದರು, 1997ರಲ್ಲಿ ಜಿಲ್ಲೆ ಒಡೆದಾಗ ಒಬ್ಬ ಗದಗಿನವನಾದ, ಇನ್ನೊಬ್ಬ ಹಾವೇರಿಯವನಾದ. ಫೋನು ಮಾಡಿದರೆ ಈಗಲೂ “ಏ ಸವದತ್ತಿ” ಎಂದೇ ಶುರು.

ತಂಗಿಯನ್ನು ಕೊಟ್ಟದ್ದು ಅದೇ ರಸ್ತೆಯ ಮೇಲಿನ, ನಮ್ಮೂರಿಗೆ ಹತ್ತಿಕೊಂಡಿರುವ ಊರಿಗೆ. ಅವಳ ಮಗಳು ಈಗ ಇಲ್ಲೇ ಡಿಗ್ರಿ ಓದುತ್ತಿದ್ದಾಳೆ, ಸಪ್ತಾಪುರದ ಪಿ.ಜಿ.ಯಲ್ಲಿ. ನಮ್ಮ ಮನೆಯಲ್ಲೇ ಇರು ಎಂದರೆ ಕೇಳಲಿಲ್ಲ. ಗೆಳತಿಯರ ಜೊತೆ ಇರಬೇಕಂತೆ. ನನಗೆ ಅರ್ಥವಾಯಿತು. ಮೆಸ್ಸಿನ ಊಟ ಸೇರುವುದಿಲ್ಲ ಎಂದು ಒಮ್ಮೆ ಫೋನಿನಲ್ಲಿ ಅಂದದ್ದೇ ತಡ, ತಂಗಿ ಪ್ರತಿ ಶನಿವಾರ ಬರತೊಡಗಿದಳು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ ಆಗಿದೆಯಲ್ಲ. ಮೊದಲ ಸಲ ಬರುವಾಗ ಸ್ಟ್ಯಾಂಡಿಗೆ ಹೋಗಿದ್ದೆ. ಚೀಲ ಹಿಡಿದು ಇಳಿದವಳೇ ಕಂಡಕ್ಟರ್ ಕೊಟ್ಟ ಸೊನ್ನೆ ಟಿಕೆಟ್ ತೋರಿಸಿ ನಕ್ಕಳು.

“ಆಗ ಡಬ್ಬಿಗೆ ಟಿಕೀಟ ಇರಲಿಲ್ಲ, ಈಗ ನನಗಿಲ್ಲ. ನಾನೂ ಡಬ್ಬಿ ಆದೆ ನೋಡಣ್ಣಾ!”

ಪಿ.ಜಿ.ಯಲ್ಲಿ ಹುಡುಗಿಯರು ಐದು ಜನ, ರೊಟ್ಟಿ ಹದಿನೈದು. ಲೆಕ್ಕ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಗಳು ತಿಂದು ಡಬ್ಬಿಯನ್ನು ಹಾಗೇ ಚೀಲಕ್ಕೆ ತುರುಕಿದಳು. “ತೊಳದು ಕೊಡಽ, ನಿಮ್ಮ ಮಾಮಾನ ಹಂಗ ಆಗಬ್ಯಾಡ” ಎಂದು ಬೈಸಿಕೊಂಡಳು. ಆಮೇಲೆ ತಂಗಿ ಮಗಳ ಮೇಜಿನ ಮೇಲಿನ ಪುಸ್ತಕಗಳನ್ನು ಒಂದೊಂದೇ ಎತ್ತಿ ನೋಡಿ, ಒಂದನ್ನು ಚೀಲಕ್ಕೆ ಹಾಕಿಕೊಂಡಳು. “ಮುಂದಿನ ಶನಿವಾರ ತರ್ತೀನಿ.”

ಸಂಜೆ ಐದರ ಬಸ್ಸಿಗೆ ಅವಳನ್ನು ಹತ್ತಿಸಲು ಹೋದೆ. ಲೈನ್ ಬಜಾರಿನಲ್ಲಿ ಸರದಿ ನಿಂತು ತಂದ ಪೇಢೆಯನ್ನು ಡಬ್ಬಿಗೆ ಹಾಕಿದೆ. ಅವಳು ಕಿಟಕಿಯ ಹತ್ತಿರ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಆಗಲೇ ಪುಸ್ತಕ ತೆರೆದಿದ್ದಳು. ಬಸ್ಸು ಹೊರಡುವ ಹೊತ್ತಿಗೆ ನನಗೆ ತಿಳಿಯದೆಯೇ ಕಾಲು ಮುಂದಿನ ಬಾಗಿಲಿಗೆ ಹೋಯಿತು, ಬಾಯಿ ಕಂಡಕ್ಟರನಿಗೆ ಹೇಳಿಯೇ ಬಿಟ್ಟಿತು:

“ನಮ್ಮೂರಾಗ ಇಳಸ್ರೀ.”

ಮೀಸೆ ಚಿಗುರುತ್ತಿದ್ದ ಹುಡುಗ. ನನ್ನನ್ನೊಮ್ಮೆ, ಕಿಟಕಿಯ ಹತ್ತಿರ ಓದುತ್ತಿದ್ದವಳನ್ನೊಮ್ಮೆ ನೋಡಿ ಸೀಟಿ ಊದಿದ.

“ಅವರಿಗೆ ಬಾಯಿ ಐತಲ್ರೀ ಯಜಮಾನ್ರ, ಅವರ ಹೇಳ್ತಾರ ಬಿಡ್ರೀ.”